ಮನೆ ಅಡುಗೆನೇ ತಿಂದೂ 6 ವರ್ಷಕ್ಕೆ 15 ಕೆಜಿ ಜಾಸ್ತಿ ಆದೆ, ಯಾಕೆ?

ಹುಲೇಕಲ್ ಕೂಸು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರ ಹುಲೇಕಲ್ ಕಡೆಯವಳು. ಮದುವೆಯಾಗಿ ಅಮೆರಿಕದ ಡಲ್ಲಾಸ್‌ಗೆ ಹೋಗಿ 6 ವರ್ಷ ಆಯ್ತು. ಈಗ ಐದು ವಾರದ ರಜೆಗೆ ಊರಿಗೆ ಬಂದಿದ್ದೇನೆ, ಆಯಿ (ಅಮ್ಮ) ಮನೆ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಹೋಗುವಾಗ 54 ಕೆಜಿ ಇದ್ದೆ. ಈಗ 69. ಎತ್ತರ 158 ಸೆಂಟಿಮೀಟರ್. ಹೊರಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿದ್ದೆ, ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 6.0 ಬಂತು. ಅಲ್ಲಿನ ಡಾಕ್ಟರು ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ ಅಂದರು. ಊಟ ಸರಿ ಮಾಡಿಕೊಳ್ಳಿ ಅಂತ ಒಂದು ಹಾಳೆ ಕೊಟ್ಟರು. ಅದರಲ್ಲಿ ಬಿಡಬೇಕಾದ್ದು ಅಂತ ಇದ್ದದ್ದೆಲ್ಲ ಬರ್ಗರ್, ಬೇಕನ್, ಡೋನಟ್, ಕೋಲಾ. ಅದರಲ್ಲಿ ಒಂದನ್ನೂ ನಾನು ತಿನ್ನೋದಿಲ್ಲ. ನಾವಿಬ್ಬರೂ ಸಸ್ಯಾಹಾರಿಗಳು. ವಾರಕ್ಕೆ ಆರು ದಿನ ಮನೆಯಲ್ಲೇ ಅಡುಗೆ. ಅಮೆರಿಕದ ಊಟ ತಿಂದು ದಪ್ಪ ಆದೆ ಅಂತ ಎಲ್ಲರೂ ಹೇಳ್ತಾರೆ, ಆದರೆ ನಾನು ಅಮೆರಿಕದ ಊಟ ತಿಂದೇ ಇಲ್ಲ!

ಇಲ್ಲಿಗೆ ಬಂದ ಮೂರನೇ ದಿನ ಅಣ್ಣನ ಮಗನ ಉಪನಯನಕ್ಕೆ ಅಂತ ಕಪಾಟಿನಿಂದ ನನ್ನ ಹಳೇ ಬ್ಲೌಸ್ ತೆಗೆದೆವು. ತೋಳೇ ಹೋಗಲಿಲ್ಲ. ಆಯಿ ಏನೂ ಅನ್ನದೆ ಕನ್ನಡಕ ಹಾಕಿಕೊಂಡು, ಒಳಗೆ ಬಿಟ್ಟಿದ್ದ ಬಟ್ಟೆಯ ಹೊಲಿಗೆ ಬಿಚ್ಚಿದಳು. ಒಂದು ಸಾಲು ಬಿಚ್ಚಿದಳು, ಸಾಲಲಿಲ್ಲ. ಎರಡನೇ ಸಾಲು ಬಿಚ್ಚಿದಳು. ಹಳೇ ಹೊಲಿಗೆ ಇದ್ದ ಕಡೆ ಬಟ್ಟೆಯ ಬಣ್ಣ ಗಾಢವಾಗಿ ಹಾಗೇ ಉಳಿದಿತ್ತು. ಆಮೇಲೂ ಹುಕ್ಕು ಕೂರಲಿಲ್ಲ. "ಇರ್ಲಿ ಕೂಸೇ, ಬೇರೆ ಹೊಲ್ಸನ" ಅಂದಳು. ನನಗೆ ಅಳು ಬಂತು.

ನೆಂಟರು ಬಂದವರು "ಅಮೆರಿಕದ ನೀರು ಹಿಡಿಸಿದೆ" ಅಂತ ಖುಷಿಯಿಂದಲೇ ಹೇಳ್ತಾರೆ. ಅವರ ಮೇಲೆ ನನಗೆ ಬೇಜಾರಿಲ್ಲ. ಆದರೆ ನಮ್ಮ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆ, ಅಜ್ಜನಿಗೂ ಇತ್ತು. ನನಗೆ 33. ನಿಜವಾಗಿ ಭಯ ಆಗ್ತಿದೆ. ಹೊರಗೆ ಹೋಗಿ ನೆಲೆಸಿದವರಿಗೆ ಹೀಗೇ ಆಗಿದೆಯಾ? ಏನು ಬದಲಾಗುತ್ತೆ ಅಲ್ಲಿ?

ಅಘನಾಶಿನಿ ದಡ:

ತಂಗೀ, ನಾನು ಕುಮಟಾದವನು. ಶಾರ್ಜಾದಲ್ಲಿ 14 ವರ್ಷ ಇದ್ದು ವಾಪಸ್ ಬಂದವನು. ನಿನ್ನ ಪತ್ರ ಓದಿ ನನ್ನ ಕತೆಯನ್ನೇ ಓದಿದ ಹಾಗಾಯ್ತು. ನಾನು 61ರಿಂದ 84ಕ್ಕೆ ಹೋದೆ.

ಊರಲ್ಲಿ ಅಪ್ಪನ ಜೊತೆ ಗಜನಿಯಲ್ಲಿ, ಅಂದರೆ ಉಪ್ಪುನೀರು ಬಂದು ಹೋಗುವ ಗದ್ದೆಯಲ್ಲಿ, ಕೆಲಸ ಮಾಡುತ್ತಿದ್ದೆ. ಸೊಂಟದವರೆಗೆ ನೀರಲ್ಲಿ ನಿಂತು ಕಗ್ಗ ಭತ್ತ ಕೊಯ್ಯುವುದು, ಇಳಿತ ಇದ್ದಾಗ ಬಳಚು (ಚಿಪ್ಪಿನ ಮೀನು) ತೆಗೆಯುವುದು. ಹೊತ್ತು ಹತ್ತಾಗುವಾಗ ಗಂಜಿ, ಜೊತೆಗೆ ಸುಟ್ಟ ಒಣ ಮೀನು, ಇಲ್ಲಾಂದ್ರೆ ಒಂದು ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ಬಂಗಡೆ ಇಲ್ಲ ತಾರ್ಲೆ ಸಾರು. ರಾತ್ರಿ ಎಂಟಕ್ಕೆ ಊಟ ಮುಗೀತಿತ್ತು. ಅನ್ನ ಜಾಸ್ತಿನೇ ತಿನ್ನುತ್ತಿದ್ದೆ, ನಿಜ ಹೇಳಬೇಕು ಅಂದ್ರೆ ಈಗ ತಿನ್ನೋದಕ್ಕಿಂತ ಎರಡು ಪಟ್ಟು. ಒಂದು ತೊಲೆ ಕೊಬ್ಬು ಮೈಮೇಲೆ ಇರಲಿಲ್ಲ.

ಅಲ್ಲಿ ಹೋದಮೇಲೆ ಎಸಿ ಗೋಡೌನಿನಲ್ಲಿ ಸ್ಟೋರ್ ಕೀಪರ್. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಹೊರಗೆ ಕಾಲಿಡೋಕೆ ಆಗಲ್ಲ. ರೂಮಿನಲ್ಲಿ ನಾವು ಆರು ಜನ, ಮೂವರು ಭಟ್ಕಳದವರು. ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ಮನೆಗೆ ಫೋನ್ ಮಾಡಿ, ಊಟಕ್ಕೆ ಕೂರುವಾಗ ಹನ್ನೊಂದು ಗಂಟೆ. ಖುಬ್ಬೂಸ್ (ಅರಬರ ರೊಟ್ಟಿ) ಅಗ್ಗ, ಕೋಳಿ ಅಗ್ಗ, ಪೆಪ್ಸಿ ನೀರಿನಷ್ಟೇ ಸುಲಭ. ಹತ್ತು ಗಂಟೆಯ ಗಂಜಿ ಹೋಯ್ತು, ಅದರ ಜಾಗಕ್ಕೆ ಚಾ ಮತ್ತು ಸಮೋಸ ಬಂತು.

ಆದರೆ ನಿಜವಾದ ವಿಷಯ ಬೇರೆ ಇದೆ, ಅದು ನನಗೆ ಗೊತ್ತಾಗೋಕೆ ತುಂಬ ವರ್ಷ ಬೇಕಾಯ್ತು. ಪರದೇಶದಲ್ಲಿ ಇರುವವನಿಗೆ ಊರಿನ ನೆನಪು ಬರುವುದು ಊಟದಲ್ಲಿ. ಆದರೆ ನೆನಪಿಗೆ ಬರುವುದು ಗಂಜಿ ಅಲ್ಲ. ಹಬ್ಬದ ಊಟ. ಮದುವೆ ಊಟ. ನಮ್ಮ ರೂಮಿನಲ್ಲಿ ಶುಕ್ರವಾರ ಬಂತು ಅಂದ್ರೆ ಬಿರಿಯಾನಿ, ತೆಂಗಿನಹಾಲಿನ ಸಾರು, ಹುರಿದ ಸುರಮಯಿ, ಪಾಯಸ. ಊರಲ್ಲಿ ವರ್ಷಕ್ಕೆ ನಾಲ್ಕೈದು ಸಲ ಉಂಡದ್ದನ್ನು ವಾರಕ್ಕೆ ಒಂದು ಸಲ ಉಂಡೆವು. ಕೈಯಲ್ಲಿ ದುಡ್ಡು ಬಂದ ಹಾಗೆ ವಾರಕ್ಕೆ ಮೂರು ಸಲ ಆಯ್ತು. ಅಷ್ಟು ದೂರ ಹೋಗಿ ದುಡಿಯುವವನು ಗಂಜಿ ಯಾಕೆ ಕುಡಿಯಬೇಕು ಅನ್ನೋ ಮನಸ್ಸು. ಆ ಮನಸ್ಸು ನನಗೆ ಅರ್ಥ ಆಗುತ್ತೆ, ಅದನ್ನು ನಾನು ತಪ್ಪು ಅನ್ನಲ್ಲ. ನೀನು ಮನೆ ಅಡುಗೆ ಅಂತ ಹೇಳಿದೆಯಲ್ಲ, ಯಾವ ಅಡುಗೆ ಅಂತ ಹೇಳು. ಆಯಿ ದಿನಾ ಮಾಡುವ ಅಡುಗೆಯಾ, ನೆಂಟರು ಬಂದಾಗ ಮಾಡುವ ಅಡುಗೆಯಾ?

ಕಾರವಾರದ ಡಯಟಿಶಿಯನ್:

ಅಘನಾಶಿನಿ ದಡದ ಅಣ್ಣ ಹೇಳಿದ್ದು ಸರಿಯಾದ ಜಾಗಕ್ಕೆ ತಾಗಿದೆ. ನಾನು ಕಾರವಾರದಲ್ಲಿ ಕೆಲಸ ಮಾಡುತ್ತೇನೆ. ಗಲ್ಫಿನಿಂದ, ಹಡಗಿನ ಕೆಲಸದಿಂದ ಬಂದವರನ್ನು, ನೌಕಾನೆಲೆಗೆ ಅಂತ ಪಂಜಾಬಿನಿಂದ ಬಿಹಾರದಿಂದ ಬಂದು ಇಲ್ಲಿ ನೆಲೆಸಿದವರನ್ನು ದಿನಾ ನೋಡುತ್ತೇನೆ. ಎರಡೂ ಕಡೆಯವರಲ್ಲಿ ಒಂದೇ ಕತೆ.

ಕೂಸು ಅವರೇ, ಮೊದಲು ನಿಮ್ಮ ಲೆಕ್ಕ ಹೇಳುತ್ತೇನೆ. 69 ಕೆಜಿ, 158 ಸೆಂಟಿಮೀಟರ್ ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 27.6. ಅಮೆರಿಕದ ಸಾಮಾನ್ಯ ಪಟ್ಟಿಯಲ್ಲಿ ಇದು ಬರೀ 'ತೂಕ ಸ್ವಲ್ಪ ಜಾಸ್ತಿ', ಅಲ್ಲಿ ಬೊಜ್ಜು ಅನ್ನೋದು 30ರ ಮೇಲೆ. ನಮ್ಮವರಿಗೆ ಆ ಅಳತೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಏಷ್ಯಾದವರಿಗೆ 23 ದಾಟಿದರೆ ಎಚ್ಚರ, 27.5 ದಾಟಿದರೆ ಅಪಾಯ ಹೆಚ್ಚು ಅಂತ ಹೇಳಿದರು. ಭಾರತದಲ್ಲಿ ನಾವು 25ಕ್ಕೇ ಬೊಜ್ಜು ಅಂತ ಲೆಕ್ಕ ಹಿಡಿಯುತ್ತೇವೆ. ಅಮೆರಿಕದ ಡಯಾಬಿಟಿಸ್ ಸಂಘವೂ 2015ರಿಂದ ಏಷ್ಯಾ ಮೂಲದವರಿಗೆ 23ರಿಂದಲೇ ಪರೀಕ್ಷೆ ಶುರುಮಾಡಿ ಅನ್ನುತ್ತಿದೆ. ನಿಮ್ಮ ಎತ್ತರಕ್ಕೆ 23 ಅಂದರೆ ಸುಮಾರು 57 ಕೆಜಿ. ತೂಕಕ್ಕಿಂತ ಮುಖ್ಯವಾದದ್ದು ಸೊಂಟ. ಹೊಕ್ಕುಳ ಹತ್ತಿರ ಟೇಪು ಹಿಡಿದು ನೋಡಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಮಿತಿ.

ಇದು ಯಾಕೆ ಅಂದರೆ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಒಳಗೆ ಕೂರುವ ಕೊಬ್ಬು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಇಬ್ಬರೂ ಜೊತೆಗೆ ತೆಗೆಸಿಕೊಂಡ ಫೋಟೊ ಒಂದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡೋಕೆ ಸಣ್ಣ ಇದ್ದವರೂ ಒಳಗೆ ದಪ್ಪ ಇರಬಹುದು. ಅಂಥ ಮೈಯನ್ನು ಹೊತ್ತುಕೊಂಡು ಹೋಗಿ ಕಾರಿನ ಊರಲ್ಲಿ ಇಟ್ಟರೆ ಏನಾಗುತ್ತೆ ಅನ್ನೋದು ನಿಮ್ಮ ರಿಪೋರ್ಟಿನಲ್ಲಿ ಬಂದಿದೆ.

ವಲಸೆ ಹೋದವರ ತೂಕದ ಬಗ್ಗೆ 2004ರಲ್ಲೇ ಅಮೆರಿಕದಲ್ಲಿ ಒಂದು ದೊಡ್ಡ ಲೆಕ್ಕ ಬಂದಿತ್ತು. ಹೊಸದಾಗಿ, ಅಂದರೆ ಒಂದು ವರ್ಷದೊಳಗೆ ಬಂದವರಲ್ಲಿ ಶೇ 8 ಜನರಿಗೆ ಬೊಜ್ಜು. 15 ವರ್ಷ ಕಳೆದವರಲ್ಲಿ ಶೇ 19. ಅಲ್ಲೇ ಹುಟ್ಟಿದವರಲ್ಲಿ ಶೇ 22. ಹೋಗುವಾಗ ಆರೋಗ್ಯವಾಗಿ ಹೋಗುತ್ತಾರೆ, ಇದ್ದಷ್ಟು ವರ್ಷ ಆ ಊರಿನವರ ಹಾಗೇ ಆಗುತ್ತಾ ಹೋಗುತ್ತಾರೆ. ಒಂದೇ ದಿನ ಆಗೋದಲ್ಲ, ಅದಕ್ಕೇ ಗೊತ್ತಾಗೋದಿಲ್ಲ. ವರ್ಷಕ್ಕೆ ಎರಡೂವರೆ ಕೆಜಿ ಅಂದರೆ ತಿಂಗಳಿಗೆ ಇನ್ನೂರು ಗ್ರಾಂ ಚಿಲ್ಲರೆ. ಯಾರಿಗೆ ಗೊತ್ತಾಗುತ್ತೆ?

ಇನ್ನು ನಿಮ್ಮ ಪ್ರಶ್ನೆ, ಬರ್ಗರ್ ತಿನ್ನದೆ ಯಾಕೆ ಅಂತ. ಅಮೆರಿಕದಲ್ಲಿ ನಮ್ಮ ಕಡೆಯ ದೇಶಗಳವರ ಮೇಲೆಯೇ ನಡೆಯುತ್ತಿರುವ 'ಮಸಾಲಾ' ಅನ್ನೋ ಅಧ್ಯಯನ ಇದೆ, 2010ರಲ್ಲಿ ಶುರುವಾದದ್ದು. ಅದರಲ್ಲಿ ಜನ ತಿನ್ನುವ ರೀತಿಯನ್ನು ಗುಂಪು ಮಾಡಿದಾಗ, ಕರಿದ ತಿಂಡಿ, ಸಿಹಿ, ಕೊಬ್ಬಿರುವ ಹಾಲಿನ ಪದಾರ್ಥ ಜಾಸ್ತಿ ತಿನ್ನುವ ಒಂದು ಗುಂಪು ಸಿಕ್ಕಿತು. ಇವನ್ನೆಲ್ಲ ಕಡಿಮೆ ತಿನ್ನುವವರಿಗೆ ಹೋಲಿಸಿದರೆ ಇವರ ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಅಂದರೆ ಸಮೋಸ, ಪನೀರು, ಗುಲಾಬ್ ಜಾಮೂನು. ಎಲ್ಲ ನಮ್ಮದೇ. ನಿಮ್ಮ ಡಾಕ್ಟರು ಕೊಟ್ಟ ಹಾಳೆಯಲ್ಲಿ ಇದೊಂದೂ ಇರಲಿಲ್ಲ ಅಂತ ಕಾಣುತ್ತೆ.

ಹೊನ್ನಾವರ ಟೊರಾಂಟೊ:

ನಾನು ಹೊನ್ನಾವರದವಳು, ಟೊರಾಂಟೊದಲ್ಲಿ 11 ವರ್ಷ. ಎರಡು ಮಕ್ಕಳು. ಮಕ್ಕಳಿದ್ದರೆ ಇನ್ನೊಂದು ದಾರಿಯಲ್ಲಿ ತೂಕ ಬರುತ್ತೆ, ಅದನ್ನು ಹೇಳಬೇಕು ಅನ್ನಿಸಿತು.

ದೊಡ್ಡವಳು ಶಾಲೆಗೆ ಸೇರಿದ ಮೊದಲ ವಾರ ಡಬ್ಬಿಗೆ ತೆಳ್ಳೇವು (ತೆಳು ದೋಸೆ), ಕಾಯಿ ಚಟ್ನಿ ಹಾಕಿ ಕಳಿಸಿದೆ. ಡಬ್ಬಿ ಹಾಗೇ ವಾಪಸ್ ಬಂತು. ಮುಚ್ಚಳ ತೆಗೆಯಲೂ ಇಲ್ಲ. ಏನಾಯ್ತು ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ, ರಾತ್ರಿ ಮಲಗುವಾಗ, "ಅಮ್ಮಾ ಅದು ವಾಸನೆ ಅಂತ ಅಂದರು" ಅಂದಳು. ಐದು ವರ್ಷದ ಮಗು. ಅವತ್ತಿಂದ ನಮ್ಮ ಮನೆಯಲ್ಲಿ ಎರಡು ಅಡುಗೆ. ಮಕ್ಕಳಿಗೆ ಪಾಸ್ತಾ, ಚೀಸ್, ಪಿಜ್ಜಾ. ನಮಗೆ ಅನ್ನ ಸಾರು. ಮಕ್ಕಳು ಅರ್ಧ ಬಿಡುತ್ತಾರೆ. ಬಿಸಾಡೋಕೆ ಮನಸ್ಸು ಬರಲ್ಲ, ಅನ್ನಪೂರ್ಣೆ ಅಂತ ಕಲಿತು ಬೆಳೆದವರು ನಾವು. ಸಿಂಕಿನ ಹತ್ತಿರ ನಿಂತು, ಪಾತ್ರೆ ತೊಳೆಯುವ ಮುಂಚೆ, ಅದನ್ನು ನಾನೇ ತಿನ್ನುತ್ತಿದ್ದೆ. ತಣ್ಣಗಾಗಿ ಗಟ್ಟಿಯಾದ ಚೀಸು, ರುಚಿಯೂ ಇಲ್ಲ. ಆಮೇಲೆ ನನ್ನ ಊಟ ಬೇರೆ. ಹೀಗೆ ನಾಲ್ಕು ವರ್ಷ. ಯಾರಾದರೂ ಕೇಳಿದರೆ ನಾನೂ "ಮನೆ ಊಟನೇ" ಅನ್ನುತ್ತಿದ್ದೆ, ಸುಳ್ಳು ಹೇಳಬೇಕು ಅಂತಲ್ಲ, ನಿಂತು ತಿಂದದ್ದು ಊಟ ಅಂತ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಚಳಿಯನ್ನೂ ಮರೆಯಬೇಡಿ. ನವೆಂಬರ್‌ನಿಂದ ಜನವರಿ ತನಕ ಐದಕ್ಕೆಲ್ಲ ಕತ್ತಲಾಗುವ ದಿನಗಳಿವೆ. ಹೊನ್ನಾವರದಲ್ಲಿ ಸಂಜೆ ಅಂದರೆ ಯಾರ ಮನೆಗಾದರೂ ಹೋಗುವುದು, ಶರಾವತಿ ದಡದಲ್ಲಿ ತಿರುಗುವುದು. ಇಲ್ಲಿ ಸಂಜೆ ಅಂದರೆ ಸೋಫಾ. ಮೊದಲ ಎರಡು ಚಳಿಗಾಲ ನಾನು ಒಬ್ಬಳೇ ಇದ್ದು ಇದ್ದು, ಬೇಜಾರಿಗೆ ತಿಂದದ್ದೇ ಜಾಸ್ತಿ. ಹಸಿವಿಗೆ ಅಲ್ಲ.

ಶಿರಸಿ ಪೇಟೆ:

ಎಲ್ಲರ ಮಾತೂ ಓದಿದೆ, ಗೌರವದಿಂದ ಒಂದು ಮಾತು ಹೇಳುತ್ತೇನೆ. ಅಮೆರಿಕವನ್ನೇ ದೂರುವುದು ಬೇಡ. ನಾನು ಶಿರಸಿ ಬಿಟ್ಟು ಎಲ್ಲೂ ಹೋಗಿಲ್ಲ. ನನಗೆ 41 ವರ್ಷ, 82 ಕೆಜಿ, ಎರಡು ವರ್ಷದಿಂದ ಬಿಪಿ ಮಾತ್ರೆ.

ನಮ್ಮ ಅಪ್ಪಯ್ಯ ದಿನಕ್ಕೆ ಎರಡು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದ. ಬೆಟ್ಟದಿಂದ ಸೊಪ್ಪು ಹೊತ್ತು ತರುತ್ತಿದ್ದ. ಈಗ ತೋಟದ ತನಕ ಜೀಪು ಹೋಗುತ್ತೆ. ಅಡಿಕೆ ಸುಲಿಯಲು ಯಂತ್ರ ಬಂತು. ಹಾಲಿನ ಡೇರಿಗೆ ಸ್ಕೂಟರು. ಊಟ ಮಾತ್ರ ಅಪ್ಪಯ್ಯ ಉಣ್ಣುತ್ತಿದ್ದಷ್ಟೇ, ಮೇಲಿಂದ ಸಂಜೆ ಪೇಟೆಯಲ್ಲಿ ಬೇಕರಿ ಪಫ್ಸು, ಗೋಬಿ ಮಂಚೂರಿ. ದೇಶದ ಲೆಕ್ಕ ನೋಡಿದರೂ ಹಾಗೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2015-16ರಲ್ಲಿ ತೂಕ ಹೆಚ್ಚಿದ ಹೆಂಗಸರು ಶೇ 20.6 ಇದ್ದರು, 2019-21ಕ್ಕೆ ಶೇ 24 ಆದರು. ಇವರೆಲ್ಲ ವಿಮಾನ ಹತ್ತಿದವರಲ್ಲ. ಸಂಸ್ಕೃತಿ ಬದಲಾಗೋಕೆ ಊರು ಬಿಡಲೇಬೇಕು ಅಂತಿಲ್ಲ, ಅದು ಮನೆ ಬಾಗಿಲಿಗೇ ಬರುತ್ತೆ.

ಅಘನಾಶಿನಿ ದಡ:

ಶಿರಸಿ ಪೇಟೆ ಅವರೇ, ಒಪ್ಪಿದೆ. ನಾವು ಗಲ್ಫಿನವರೇ ಅದನ್ನು ತಂದವರು ಕೂಡ. ಹೆದ್ದಾರಿಯಲ್ಲಿ ಭಟ್ಕಳದಿಂದ ಈಚೆಗೆ 'ಮಂದಿ' ಅನ್ನುವ ಅರಬರ ಮಾಂಸದ ಅನ್ನದ ಹೋಟೆಲ್ ಎಷ್ಟು ಆಗಿದೆ ನೋಡಿ. ದೊಡ್ಡ ತಟ್ಟೆ, ನಾಲ್ಕು ಜನರ ಅನ್ನ. ನಾನು ವಾಪಸ್ ಬಂದಾಗ ಊರಿನ ಊಟಕ್ಕೆ ಮರಳಿದರೆ ತಾನೇ ಇಳಿಯುತ್ತೆ ಅಂದುಕೊಂಡಿದ್ದೆ. ಬರೀ 6 ಕೆಜಿ ಇಳೀತು. ಯಾಕಂದರೆ ರಾತ್ರಿ ಹನ್ನೊಂದರ ಊಟ ನನ್ನ ಜೊತೆಗೇ ಬಂದಿತ್ತು. ಅದನ್ನು ಬಿಡಿಸಿದ್ದು ನನ್ನ ಹೆಂಡತಿ, ಎಂಟು ಗಂಟೆಗೆ ಅಡುಗೆಮನೆ ದೀಪ ಆರಿಸಿ.

ಮುಂಡಗೋಡ ಮಾಸ್ತರ್:

ನೀವೆಲ್ಲ ಇಲ್ಲಿಂದ ಹೊರಗೆ ಹೋದವರ ಮಾತು ಆಡುತ್ತಿದ್ದೀರಿ. ನಮ್ಮ ಜಿಲ್ಲೆಗೇ ಬಂದು ನೆಲೆಸಿದವರನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ 1966ರಲ್ಲಿ ಆದದ್ದು. ನಾನು ಹತ್ತಿರದ ಹಳ್ಳಿಯಲ್ಲಿ ಕನ್ನಡ ಶಾಲೆ ಮಾಸ್ತರಾಗಿದ್ದೆ.

ಅವರ ಊರಿನಲ್ಲಿ ಊಟ ಅಂದರೆ ತ್ಸಂಪಾ, ಹುರಿದ ಬಾರ್ಲಿ ಹಿಟ್ಟು. ಜೊತೆಗೆ ಉಪ್ಪು, ಬೆಣ್ಣೆ ಹಾಕಿದ ಚಹಾ. ಮೈ ಕೊರೆಯುವ ಚಳಿಯ ಬೆಟ್ಟದಲ್ಲಿ ದಿನವಿಡೀ ದನ ಕಾಯುವವನಿಗೆ ಅದು ಬೇಕೇ ಬೇಕು. ಮುಂಡಗೋಡಕ್ಕೆ ಬಂದು ಕಾಡು ಕಡಿದು ಗೋವಿನಜೋಳ, ಭತ್ತ ಬೆಳೆದರು. ಬಾರ್ಲಿ ಇಲ್ಲಿ ಬೆಳೆಯದು. ಹಾಗಾಗಿ ಹಿಟ್ಟು ಹೋಯ್ತು, ಅಕ್ಕಿ ಮತ್ತು ಮೈದಾ ಬಂತು. ಬೆಣ್ಣೆ ಚಹಾ ಮಾತ್ರ ಉಳಿಯಿತು.

ನನಗೆ ಪರಿಚಯದ ಒಬ್ಬರು ಅಜ್ಜಿ ಇದ್ದರು. ಚಳಿಗಾಲದಲ್ಲಿ ಮಗ ಹುಬ್ಬಳ್ಳಿ ಕಡೆ ಸ್ವೆಟರ್ ಮಾರೋಕೆ ಹೋದಾಗ ನನ್ನ ಹತ್ತಿರ ಕಾಗದ ಓದಿಸಿಕೊಳ್ಳಲು ಬರುತ್ತಿದ್ದರು. ಏಪ್ರಿಲ್ ಬಿಸಿಲಲ್ಲಿ ಹೋದರೂ ಆ ಮನೆಯಲ್ಲಿ ಬೆಣ್ಣೆ ಚಹಾ. ಬಟ್ಟಲು ಖಾಲಿಯಾಗಲು ಬಿಡುತ್ತಿರಲಿಲ್ಲ, ಒಂದು ಗುಟುಕು ಕುಡಿದರೆ ಮತ್ತೆ ತುಂಬಿಸುತ್ತಿದ್ದರು. ಅವರಿಗೆ ಬಿಪಿ ಬಂತು. ಡಾಕ್ಟರು ಉಪ್ಪು ಬೆಣ್ಣೆ ಬಿಡಿ ಅಂದರು. ಅಜ್ಜಿ ನನ್ನ ಹತ್ತಿರ, "ಮಾಸ್ತರ್, ಊರು ಬಿಟ್ಟೆ, ಇದನ್ನೂ ಬಿಡಬೇಕಾ?" ಅಂದರು. ಒಳ್ಳೇ ಕನ್ನಡದಲ್ಲಿ. ನನಗೆ ಉತ್ತರ ಕೊಡಲು ಆಗಲಿಲ್ಲ.

ಈ ಮಾತು ಯಾಕೆ ಹೇಳಿದೆ ಅಂದರೆ, ಊಟ ಬಿಡಿ ಅಂತ ಹೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು. ಊರು ಕಳೆದುಕೊಂಡವರಿಗೆ ತಟ್ಟೆಯಲ್ಲಿ ಇರುವುದು ಬರೀ ಊಟ ಅಲ್ಲ.

ಕಾರವಾರದ ಡಯಟಿಶಿಯನ್:

ಮಾಸ್ತರರೇ, ನಿಮ್ಮ ಅಜ್ಜಿಯ ಮಾತು ಮನಸ್ಸಲ್ಲೇ ಉಳಿಯಿತು. ನನ್ನ ಹತ್ತಿರ ಬರುವವರಿಗೆ ನಾನು 'ಬಿಡಿ' ಅನ್ನುವ ಪದವನ್ನೇ ಕಡಿಮೆ ಮಾಡಿದ್ದೇನೆ.

ಇದಕ್ಕೆ ಸಂಬಂಧಪಟ್ಟ ಒಂದು ಹಳೇ ಅಧ್ಯಯನ ಇದೆ. ಜಪಾನಿನಲ್ಲೇ ಇದ್ದವರು, ಹವಾಯಿಗೆ ಹೋದವರು, ಕ್ಯಾಲಿಫೋರ್ನಿಯಾಕ್ಕೆ ಹೋದವರು, ಹೀಗೆ ಮೂರು ಕಡೆಯ ಜಪಾನಿ ಗಂಡಸರನ್ನು 1960ರ ದಶಕದಿಂದ ಹೋಲಿಸಿ ನೋಡಿದರು. ಹೋದಷ್ಟು ದೂರ ಹೃದಯದ ಕಾಯಿಲೆ ಜಾಸ್ತಿ. ಆದರೆ 1976ರಲ್ಲಿ ಮಾರ್ಮಟ್ ಮತ್ತು ಸೈಮ್ ಅನ್ನುವವರು ಕ್ಯಾಲಿಫೋರ್ನಿಯಾದವರನ್ನೇ ಬಿಡಿಸಿ ನೋಡಿದಾಗ ಗೊತ್ತಾದದ್ದು ಏನು ಅಂದರೆ, ತಮ್ಮವರ ಜೊತೆ ಬಳಕೆ, ತಮ್ಮ ರೀತಿ ರಿವಾಜು ಉಳಿಸಿಕೊಂಡವರಲ್ಲಿ ಕಾಯಿಲೆ ಜಪಾನಿನಷ್ಟೇ ಕಡಿಮೆ. ಪೂರ್ತಿ ಅಲ್ಲಿನವರೇ ಆದವರಲ್ಲಿ 3ರಿಂದ 5 ಪಟ್ಟು. ಊಟ, ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಟೊರಾಂಟೊ ಅವರು ಒಬ್ಬಳೇ ಕೂತು ಬೇಜಾರಿಗೆ ತಿಂದೆ ಅಂದರಲ್ಲ, ಅದು ಸಣ್ಣ ಮಾತಲ್ಲ.

ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ. ಥಾಯ್ಲೆಂಡಿನಿಂದ ಅಮೆರಿಕದ ಮಿನ್ನೆಸೋಟಾಕ್ಕೆ ಹೋದ ಹ್ಮಾಂಗ್ ಮತ್ತು ಕರೆನ್ ಅನ್ನುವ ಸಮುದಾಯಗಳ ಜನರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಹೋದ ಮೊದಲ ವರ್ಷದೊಳಗೇ ಬದಲಾವಣೆ ಶುರು. ಸೊಪ್ಪು, ಗಡ್ಡೆ, ನಾರು ಜೀರ್ಣ ಮಾಡುವ ಜೀವಿಗಳು ಕಡಿಮೆಯಾಗುತ್ತಾ ಬಂದವು.

ಭಯ ಪಡುವವರಿಗೆ ಒಂದು ಧೈರ್ಯದ ವಿಷಯ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಪ್ರಿಡಯಾಬಿಟಿಸ್ ಇದ್ದವರಿಗೆ ಕೊಟ್ಟ ಗುರಿ ಇಷ್ಟೇ, ತೂಕದಲ್ಲಿ ಶೇ 7 ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು. ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 58 ತಗ್ಗಿತು. ಕೂಸು ಅವರಿಗೆ ಶೇ 7 ಅಂದರೆ ಐದು ಕೆಜಿ ಕೂಡ ಅಲ್ಲ. 2006ರಲ್ಲಿ ಚೆನ್ನೈಯವರು ನಮ್ಮ ಜನರ ಮೇಲೆ ಮಾಡಿದ ಪ್ರಯೋಗದಲ್ಲಂತೂ ತೂಕ ಹೆಚ್ಚು ಇಳಿಯಲೇ ಇಲ್ಲ, ಆದರೂ ನಡಿಗೆ ಮತ್ತು ಊಟದ ಬದಲಾವಣೆಯಿಂದ ಕಾಯಿಲೆ ಶೇ 28.5 ಕಡಿಮೆಯಾಯ್ತು. ಹಾಗಾಗಿ ತೂಕದ ಯಂತ್ರ ನೋಡಿ ಕೈ ಚೆಲ್ಲಬೇಡಿ.

ಹುಲೇಕಲ್ ಕೂಸು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ದಿನ ಓದಿ ಓದಿ ಯೋಚಿಸಿದೆ. ಆಯಿಗೂ ಓದಿ ಹೇಳಿದೆ.

ಅಘನಾಶಿನಿ ದಡದ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಹುಡುಕೋಕೆ ಅಂತ, ಆಯಿ ಮಾಡುವ ಅಡುಗೆಯನ್ನು ನಾಲ್ಕು ದಿನ ಬರೆದಿಟ್ಟೆ. ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಅಪ್ಪೆಹುಳಿ, ಅನ್ನ, ಮಜ್ಜಿಗೆ. ಮರುದಿನ ಮೊಗೆಕಾಯಿ ಹುಳಿ, ಬಸಳೆ, ಹಶಿ. ರಾತ್ರಿ ಬರೀ ಅನ್ನ, ಸಾರು, ಮಜ್ಜಿಗೆ. ತಂಬುಳಿಗೆ ಒಗ್ಗರಣೆ ಹಾಕುವಾಗ ನೋಡಿದೆ, ಅಷ್ಟು ದೊಡ್ಡ ಪಾತ್ರೆಗೆ ಒಂದು ಚಮಚ ತುಪ್ಪ, ನಾಲ್ಕು ಕಾಳು ಜೀರಿಗೆ. ಡಲ್ಲಾಸಿನಲ್ಲಿ ನಮ್ಮ 'ಮನೆ ಅಡುಗೆ' ಪನೀರ್ ಬಟರ್ ಮಸಾಲ, ಛೋಲೆ, ಪುಲಾವ್, ಫ್ರೀಜರಿನ ಪರೋಟ. ಶನಿವಾರ ಯಾರದಾದರೂ ಮನೆಯಲ್ಲಿ ಪಾಟ್‌ಲಕ್, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟ, ಹದಿನೈದು ಬಗೆ. ಭಾನುವಾರ ಪೂರಿ. ಇದರಲ್ಲಿ ಅರ್ಧ ಶಿರಸಿ ಅಡುಗೆಯೇ ಅಲ್ಲ! ಪನೀರನ್ನು ನಾನು ಊರಲ್ಲಿ ಇದ್ದಾಗ ವರ್ಷಕ್ಕೆ ಎರಡು ಸಲ ಹೋಟೆಲ್ಲಿನಲ್ಲಿ ತಿಂದಿದ್ದೆ. ಅಲ್ಲಿಗೆ ಹೋದಮೇಲೆ ಭಾರತದ ಊಟ ಅಂದರೆ ಅದೇ ಆಗಿಬಿಟ್ಟಿತು, ಯಾಕಂದರೆ ಪಾಟ್‌ಲಕ್‌ಗೆ ತೆಲುಗಿನವರು, ಗುಜರಾತಿನವರು, ಪಂಜಾಬಿನವರು ಎಲ್ಲ ಬರುತ್ತಾರೆ, ಎಲ್ಲರಿಗೂ ಹಿಡಿಸುವುದು ಅದು. ಅಪ್ಪೆಹುಳಿ ತೆಗೆದುಕೊಂಡು ಹೋದರೆ ಯಾರಿಗೆ ಗೊತ್ತು? ಅಮೆರಿಕದವರ ಹಾಗೆ ಆದೆ ಅಂತ ನೆಂಟರು ಅಂದುಕೊಂಡಿದ್ದಾರೆ, ಆದರೆ ನಾನು ಆದದ್ದು 'ಇಂಡಿಯನ್'. ಹವ್ಯಕರ ಮನೆ ಅಡುಗೆ ಆರು ವರ್ಷದಲ್ಲಿ ನಮ್ಮ ಒಲೆಯಿಂದ ಜಾರಿ ಹೋಗಿದೆ, ನನಗೆ ಗೊತ್ತೇ ಆಗಲಿಲ್ಲ.

ಇನ್ನೊಂದು ಲೆಕ್ಕ. ಇಲ್ಲಿ ಮನೆಯಲ್ಲಿ ಐದು ಜನ, ತಿಂಗಳಿಗೆ ಮೂರು ಲೀಟರ್ ಎಣ್ಣೆ. ನಾವಿಬ್ಬರೇ ನಾಲ್ಕು ಲೀಟರ್ ಮುಗಿಸುತ್ತಿದ್ದೇವೆ. ಯಜಮಾನರಿಗೆ ಫೋನ್ ಮಾಡಿ ಡಬ್ಬಿ ನೋಡಿ ಹೇಳಿ ಅಂದೆ, ಅವರೂ ಸ್ವಲ್ಪ ಹೊತ್ತು ಸುಮ್ಮನಾದರು.

ಟೇಪು ಹಿಡಿದೆ. 91 ಸೆಂಟಿಮೀಟರ್. ಬೇಜಾರಾಯ್ತು, ಆದರೆ ಈಗ ಒಂದು ಅಂಕೆ ಗೊತ್ತು.

ಮುರುಗಲ ಸಿಪ್ಪೆ ಒಣಗಿಸಿದ್ದು ಆಯಿ ಕಟ್ಟಿ ಇಟ್ಟಿದ್ದಾಳೆ. ಒಂದೆಲಗವನ್ನು ಅಲ್ಲಿ ಕುಂಡದಲ್ಲಿ ಬೆಳೆಸಿದವರು ಯಾರಾದರೂ ಇದ್ದೀರಾ? ಕುಚ್ಚಿಗೆ ಅಕ್ಕಿ ಸಿಗುತ್ತಾ?

ಹೊನ್ನಾವರ ಟೊರಾಂಟೊ:

ಒಂದೆಲಗ ನಾನು ಕಿಟಕಿ ಹತ್ತಿರ ಕುಂಡದಲ್ಲಿ ಇಟ್ಟಿದ್ದೇನೆ, ಮಣ್ಣು ಯಾವಾಗಲೂ ಒದ್ದೆ ಇರಬೇಕು ಅಷ್ಟೇ. ಸಿಗದಿದ್ದರೆ ಪಾಲಕ್ ತಂಬುಳಿ ಮಾಡಿ, ಮೆಂತೆ ತಂಬುಳಿ ಮಾಡಿ, ಮೊಸರು ಎಲ್ಲ ಕಡೆ ಸಿಗುತ್ತೆ. ನಮ್ಮ ದೊಡ್ಡವಳಿಗೆ ಈಗ ಹತ್ತು ವರ್ಷ. ಹೋದ ತಿಂಗಳು ಅವಳಾಗಿಯೇ ತೆಳ್ಳೇವು ಕೇಳಿದಳು. ಡಬ್ಬಿಗೆ ಅಲ್ಲ, ಮನೆಯಲ್ಲಿ ತಿನ್ನೋಕೆ. ಆದರೂ ಕೇಳಿದಳು.

ಅಘನಾಶಿನಿ ದಡ:

ಕುಚ್ಚಿಗೆ ಅಕ್ಕಿಗೆ ಕೇರಳದವರ ಅಂಗಡಿಗೆ ಹೋಗಿ 'ಮಟ್ಟಾ' ಅಂತ ಕೇಳು ತಂಗೀ. ಕೆಂಪಗೆ ಇರುತ್ತೆ. ನಮ್ಮ ಕಗ್ಗದ ರುಚಿ ಇಲ್ಲ, ಆದರೆ ಗಂಜಿಗೆ ಆಗುತ್ತೆ. ರಾತ್ರಿ ನೆನೆ ಹಾಕು. ಒಂದು ಪಾಲು ಅಕ್ಕಿಗೆ ಐದು ಪಾಲು ನೀರು.

ಕಾರವಾರದ ಡಯಟಿಶಿಯನ್:

ಗಂಜಿ ಒಳ್ಳೇದೇ, ಆದರೆ ಅದೂ ಅಕ್ಕಿನೇ, ನಿಮ್ಮ ರಿಪೋರ್ಟಿಗೆ ಅಳತೆ ಬೇಕು. ಒಂದು ಸಣ್ಣ ಬಟ್ಟಲು, ಜೊತೆಗೆ ಹೆಸರುಕಾಳಿನ ಪಲ್ಯ ಇರಲಿ. ಗಜನಿಯಲ್ಲಿ ದುಡಿಯುವವರು ಉಂಡಷ್ಟು ಉಣ್ಣಬೇಡಿ. ಊಟ ಆದಮೇಲೆ ಹದಿನೈದು ನಿಮಿಷ ನಡೆಯಿರಿ, ಫುಟ್‌ಪಾತ್ ಇಲ್ಲದಿದ್ದರೆ ಪಾರ್ಕಿಂಗ್ ಜಾಗದಲ್ಲೇ ಆದರೂ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ ಇಲ್ಲೇ ಬಂದು ಹೇಳಿ.

ಹುಲೇಕಲ್ ಕೂಸು:

ಖಂಡಿತ ಹೇಳುತ್ತೇನೆ. ಅಣ್ಣಾ, ಕುಕ್ಕರಿನಲ್ಲಿ ಎಷ್ಟು ಕೂಗು ಕೂಗಿಸಬೇಕು? ಆಯಿ ಒಲೆ ಮೇಲೆ ಇಡುತ್ತಾಳೆ, ಅವಳಿಗೆ ಕುಕ್ಕರ್ ಲೆಕ್ಕ ಗೊತ್ತಿಲ್ಲ.

ಅಘನಾಶಿನಿ ದಡ:

ನಾಲ್ಕು ಕೂಗಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡು. ಮುಚ್ಚಳ ತಾನೇ ಬಿಡುವ ತನಕ ತೆಗೆಯಬೇಡ.